ನಾಲ್ಕನೆಯ ಪರ್ಮಿಟ್: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ವಂದನೆಗಳು. ನಾನು ಕರಾವಳಿಯ ಒಂದು ಖಾಸಗಿ ಬಸ್ ಕಂಪನಿಯ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಕಂಪನಿ ಎಂದರೆ ದೊಡ್ಡದೇನಲ್ಲ. ಅಜ್ಜ ಕಟ್ಟಿದ್ದು, ದೊಡ್ಡಪ್ಪ ಮತ್ತು ಅಪ್ಪ ಬೆಳೆಸಿದ್ದು, ಈಗ ನಾನು ಮತ್ತು ತಮ್ಮ ಉಳಿಸಿಕೊಳ್ಳಲು ಹೆಣಗುತ್ತಿರುವುದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪತ್ರ ಜಾಹೀರಾತಿನಂತೆ ಕಾಣುತ್ತದೆ. ನನ್ನ ಮೇಜಿನ ಮೇಲೆ ನಾಲ್ಕು ಪರ್ಮಿಟ್‌ಗಳ ನವೀಕರಣದ ಅರ್ಜಿಗಳಿವೆ. ಮೂರನ್ನು ತುಂಬಿ ಸಹಿ ಮಾಡಿಯಾಗಿದೆ. ನಾಲ್ಕನೆಯದು ಖಾಲಿ ಇದೆ. ಅದನ್ನು ತುಂಬಬೇಕೇ ಬೇಡವೇ ಎಂಬುದನ್ನು ನಾನೊಬ್ಬಳೇ ತೀರ್ಮಾನಿಸಲಾರೆ. ಅರ್ಧ ತೀರ್ಮಾನ ತಮ್ಮ ಕೈಯಲ್ಲಿದೆ.

ಈ ನಾಲ್ಕನೆಯ ಪರ್ಮಿಟ್ ಘಟ್ಟದ ಬುಡದ ಒಂದು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಿಗ್ಗೆ ಬರುವ, ಸಂಜೆ ಮರಳುವ ಬಸ್ಸಿನದು. 2023ರ ಜೂನ್ 11ರಂದು, ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾಯಿತು. ಮರುದಿನ ಸೋಮವಾರ. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸೊಬ್ಬರು ಬೆಳಗಿನ ಟ್ರಿಪ್ಪಿಗೆ ಹತ್ತಿ, ದುಡ್ಡಿನ ಬದಲು ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಇಪ್ಪತ್ತು ವರ್ಷಗಳಿಂದ ನಮ್ಮ ಬಸ್ಸಿನಲ್ಲೇ ಹೋಗುವವರು. ಕಂಡಕ್ಟರ್ ಮುಜುಗರದಿಂದ, "ಅಕ್ಕಾ, ಇದು ಸರಕಾರಿ ಬಸ್ಸಲ್ಲ" ಎಂದ. "ಹಾಗಾದರೆ ಸರಕಾರಿ ಬಸ್ಸು ಎಷ್ಟು ಗಂಟೆಗೆ?" ಎಂದು ಅವರು ಕೇಳಿದರು. ಆ ಹಳ್ಳಿಗೆ ಸರಕಾರಿ ಬಸ್ಸು ಒಂದು ದಿನವೂ ಬಂದಿಲ್ಲ. ಕಂಡಕ್ಟರ್ ಸಂಜೆ ಕಲೆಕ್ಷನ್ ಒಪ್ಪಿಸಲು ಬಂದವನು ಆ ಪ್ರಶ್ನೆಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದ. ಅದನ್ನೇ ತಮಗೆ ದಾಟಿಸುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶಕ್ತಿ ಯೋಜನೆಯನ್ನು ಬೈಯುವುದು ನಮ್ಮ ಮಾಲೀಕರ ಸಭೆಗಳಲ್ಲಿ ರೂಢಿಯಾಗಿದೆ. ನನಗೆ ಆ ಬೈಗುಳದಲ್ಲಿ ಪಾಲಿಲ್ಲ. ದುಡ್ಡಿಲ್ಲವೆಂದು ಮನೆಯಲ್ಲೇ ಉಳಿಯುತ್ತಿದ್ದ ಹೆಂಗಸು ಹೊರಗೆ ಕಾಲಿಟ್ಟರೆ ಅದು ಒಳ್ಳೆಯದೇ. ಕಾಲಿಟ್ಟ ಕಡೆ ಬಸ್ಸು ಇರಬೇಕಲ್ಲ ಎಂಬುದಷ್ಟೇ ನನ್ನ ತಕರಾರು.

ಕರಾವಳಿಯ ಒಳದಾರಿಗಳಲ್ಲಿ ಸರಕಾರಿ ಬಸ್ಸು ಏಕೆ ಇಲ್ಲ? ಇದಕ್ಕೆ ನಕಾಶೆಯಲ್ಲೇ ಉತ್ತರವಿದೆ. ಮೈಸೂರು ಸರಕಾರ 1948ರ ಸೆಪ್ಟೆಂಬರ್ 12ರಂದು ತನ್ನ ರಸ್ತೆ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಂದಿಗೆ ಆರಂಭಿಸಿದಾಗ ನಾವು ಮೈಸೂರಿನವರಾಗಿರಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ ರಸ್ತೆ ಎಂದರೆ ಮನೆತನಗಳ ಉದ್ಯಮ. ಮದುರೆಯಲ್ಲಿ ಟಿ.ವಿ. ಸುಂದರಂ ಅಯ್ಯಂಗಾರ್ ಬಸ್ ಓಡಿಸಿದ್ದು ಮೊದಲ ಮಹಾಯುದ್ಧಕ್ಕೂ ಮುಂಚೆ. ಇಂದು ಸ್ಕೂಟರ್, ಬೈಕುಗಳ ಮೇಲೆ ಕಾಣುವ ಟಿವಿಎಸ್ ಎಂಬ ಮೂರಕ್ಷರ ಹುಟ್ಟಿದ್ದು ಬಸ್ಸಿನಿಂದ. ಪೊಳ್ಳಾಚಿಯಲ್ಲಿ ನಾಚಿಮುತ್ತು ಗೌಂಡರ್ 1931ರಲ್ಲಿ ಆನಮಲೈ ಬಸ್ ಟ್ರಾನ್ಸ್‌ಪೋರ್ಟ್ ಕಟ್ಟಿದರು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಜನರ ಬಾಯಲ್ಲಿ ಸಿಪಿಸಿ, ಆಗಲೇ ಹಳೆಯ ಹೆಸರಾಗಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಜೊತೆಗೆ ಈ ಖಾಸಗಿ ಬಸ್ಸುಗಳನ್ನೂ ತಂದೆವು. ತವರಿನಿಂದ ಬಂದ ಪೆಟ್ಟಿಗೆಯಂತೆ ಅವು ಇಂದಿಗೂ ಮೂಲೆಯಲ್ಲಿವೆ. ಬೀಗದ ಕೈ ಮಾತ್ರ ತಮ್ಮ ಇಲಾಖೆಯಲ್ಲಿದೆ.

ನನ್ನ ಅಜ್ಜ ಮಾಲೀಕರಾಗಿ ಹುಟ್ಟಿದವರಲ್ಲ. ಯುದ್ಧದ ವರ್ಷಗಳಲ್ಲಿ ಬೇರೊಬ್ಬರ ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಪೆಟ್ರೋಲಿಗೆ ಪಡಿತರವಿದ್ದ ಕಾಲ. ಬಸ್ಸಿನ ಹಿಂದೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕಟ್ಟಿರುತ್ತಿದ್ದರು. ಬೆಳಗಿನ ಜಾವ ಎದ್ದು ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೈಯಿಂದ ತಿದಿ ತಿರುಗಿಸಿ ಅನಿಲ ಹುಟ್ಟಿಸುವುದು ಅಜ್ಜನ ಕೆಲಸ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನಡೆಯುತ್ತಿದ್ದರು, ಕೆಲವೊಮ್ಮೆ ದೂಡುತ್ತಿದ್ದರು. ಟಿಕೆಟ್ ಕೊಂಡು ಬಸ್ಸು ದೂಡಿದ ಜನ ಎಂದು ಅಜ್ಜ ಕೊನೆಯವರೆಗೂ ನಗುತ್ತಿದ್ದರು. ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿದಾಗ ಅಜ್ಜಿಯ ಬಳೆಗಳನ್ನು ಅಡವಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ, ಮುಂದೆ ಮೂತಿಯಿದ್ದ ಹಳೆಯ ಗಾಡಿಯೊಂದನ್ನು ಕೊಂಡರು. ಅದಕ್ಕೆ ಮರದ ಬಾಡಿ ಕಟ್ಟಿದವರು ಊರಿನ ಆಚಾರಿಗಳು. ಅದೇ ಕೈಗಳು ತೊಟ್ಟಿಲನ್ನೂ ದೋಣಿಯನ್ನೂ ಮಾಡುತ್ತಿದ್ದವು.

ಆ ಕಾಲದ ಕರಾವಳಿಯಲ್ಲಿ ಬಸ್ಸಿನ ದಾರಿ ಹೊಳೆಯ ದಡದಲ್ಲಿ ಮುಗಿಯುತ್ತಿತ್ತು. ಪಶ್ಚಿಮಕ್ಕೆ ಹರಿಯುವ ಹೊಳೆಗಳು ಹತ್ತಾರು ಮೈಲಿಗೊಂದು ಅಡ್ಡ ಬರುತ್ತವೆ, ಸೇತುವೆಗಳು ಬೆರಳೆಣಿಕೆ. ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಗಾಡಿ ದಾಟಿಸುವ ವ್ಯವಸ್ಥೆ ದೊಡ್ಡ ಕಡವುಗಳಲ್ಲಿತ್ತು, ಮಳೆಗಾಲದಲ್ಲಿ ಅದಕ್ಕೂ ಭರವಸೆಯಿಲ್ಲ. ಅಜ್ಜ ಕಂಡುಕೊಂಡ ಉಪಾಯ ಸರಳ: ಈ ದಡದಲ್ಲೊಂದು ಬಸ್ಸು, ಆ ದಡದಲ್ಲೊಂದು ಬಸ್ಸು, ನಡುವೆ ದೋಣಿ. ಈಚೆಯ ಟಿಕೆಟ್ ಆಚೆಯೂ ನಡೆಯುತ್ತಿತ್ತು. ದೋಣಿಯವನ ಲೆಕ್ಕ ವಾರಕ್ಕೊಮ್ಮೆ ಅಕ್ಕಿಯಲ್ಲಿ. ಮುಂದೆ ಆ ಹೊಳೆಗೆ ಸೇತುವೆ ಬಂತು. ಒಂದೇ ಬಸ್ಸು ಇಡೀ ದಾರಿ ಓಡತೊಡಗಿತು, ಇನ್ನೊಂದು ಬಿಡುವಾಯಿತು. ಬಿಡುವಾದ ಬಸ್ಸನ್ನು ಅಜ್ಜ ಘಟ್ಟದ ಬುಡದ ಹಳ್ಳಿಗೆ ತಿರುಗಿಸಿದರು. ಸರಕಾರ ಕಟ್ಟಿದ ಸೇತುವೆಯಿಂದ ನಮಗೆ ಒಂದು ಬಸ್ಸು ಪುಕ್ಕಟೆ ಸಿಕ್ಕಿದಂತಾಯಿತು ಎನ್ನುವುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಈ ಪತ್ರದ ನಾಲ್ಕನೆಯ ಪರ್ಮಿಟ್‌ನ ಮೂಲ ಅದೇ.

ಆ ಬಸ್ಸು ಏನೆಲ್ಲ ಹೊತ್ತಿತು ಎಂಬುದಕ್ಕೆ ಯಾವ ಇಲಾಖೆಯಲ್ಲೂ ದಾಖಲೆ ಇರಲಾರದು. ಅಂಚೆ ಚೀಲ. ದಿನಪತ್ರಿಕೆಯ ಕಟ್ಟು. ಟಾಪಿನ ಮೇಲೆ ಮೀನಿನ ಬುಟ್ಟಿ, ಅದರ ನೀರು ಕಿಟಕಿಯ ಪಕ್ಕ ಕುಳಿತವರ ತಲೆಯ ಮೇಲೆ. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಅಟ್ಟೆ, ಅಂದರೆ ಹೂವಿನ ಕಟ್ಟು, ಅದಕ್ಕೆ ಡ್ರೈವರನ ಪಕ್ಕದ ತಂಪು ಜಾಗ. ಬೀಡಿ ಕಟ್ಟಿ ಬ್ರಾಂಚಿಗೆ ಒಯ್ಯುವ ಹೆಂಗಸರ ಚೀಲಗಳು. ಪೇಟೆಯ ಹೈಸ್ಕೂಲಿನಲ್ಲಿ ಓದುವ ಮಗನಿಗೆ ತಾಯಿ ಕಳಿಸುತ್ತಿದ್ದ ಬುತ್ತಿ. ಕಂಡಕ್ಟರ್ ಅದನ್ನು ಶಾಲೆಯ ಗೇಟಿನ ಬಳಿಯ ಅಂಗಡಿಯಲ್ಲಿ ಇಳಿಸಿ ಹೋಗಬೇಕು. ಮರೆತರೆ ಮರುದಿನ ಆ ತಾಯಿಯಿಂದ ಮಂಗಳಾರತಿ.

ನಮ್ಮಂಥವರು ಹೇಗೆ ಬೆಳೆದರು ಎಂಬುದಕ್ಕೆ ಇನ್ನೊಂದು ಕಾರಣವನ್ನು ಬರೆಯದಿದ್ದರೆ ಕೃತಘ್ನಳಾಗುತ್ತೇನೆ. ಈ ಜಿಲ್ಲೆಯಲ್ಲಿ ಬ್ಯಾಂಕುಗಳಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನ ಪಿಗ್ಮಿ ಏಜೆಂಟ್ ಮನೆ ಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಒಯ್ಯುವ ಪದ್ಧತಿ ಶುರುವಾಗಿದ್ದು 1928ರಲ್ಲಿ. ದಿನದ ಕಲೆಕ್ಷನ್ ಚಿಲ್ಲರೆಯಲ್ಲಿ ಬರುವ ಬಸ್ಸಿನವರಿಗೂ ಚಿಲ್ಲರೆಯನ್ನು ಎಣಿಸಲು ಬೇಸರಿಸದ ಬ್ಯಾಂಕಿಗೂ ಜೋಡಿ ಚೆನ್ನಾಗಿಯೇ ಕೂಡಿತು. ಮೂರನೆಯ ಬಸ್ಸಿನ ಚಾಸಿಸ್ ಬಂದದ್ದು ಬ್ಯಾಂಕಿನ ಸಾಲದಿಂದ. 1974ರ ಭೂಸುಧಾರಣೆಯಲ್ಲಿ ಅಜ್ಜಿಯ ತವರಿನ ಗೇಣಿ ಜಮೀನು ಉಳುವವರ ಪಾಲಾಯಿತು. ಅದು ನ್ಯಾಯವೇ ಆಗಿತ್ತು, ಆದರೂ ಮನೆಯಲ್ಲಿ ಆ ಮಾತು ಆಡುವಂತಿರಲಿಲ್ಲ. ಆಗ ಅಪ್ಪನ ಸೋದರಮಾವಂದಿರು ಬಂದು ಸೇರಿಕೊಂಡದ್ದೂ ಬಸ್ಸಿಗೇ. ಒಬ್ಬರು ಚೆಕ್ಕಿಂಗ್ ಇನ್‌ಸ್ಪೆಕ್ಟರ್, ಇನ್ನೊಬ್ಬರು ಗ್ಯಾರೇಜಿನ ಉಸ್ತುವಾರಿ. ಅಪ್ಪನ ಕಾಲಕ್ಕೆ ಹನ್ನೊಂದು ಬಸ್ಸುಗಳಾಗಿದ್ದವು.

ಇಷ್ಟರಲ್ಲಿ ಮದರಾಸಿನ ಆ ದೊಡ್ಡ ಮನೆತನಗಳ ಬಸ್ಸುಗಳು ಇರಲಿಲ್ಲ. 1972ರಲ್ಲಿ ತಮಿಳುನಾಡು ಸರಕಾರ ಅವುಗಳನ್ನು ರಾಷ್ಟ್ರೀಕರಿಸಿತು. ಮದುರೆಯಲ್ಲಿ ಪಾಂಡ್ಯನ್, ಕೊಯಮತ್ತೂರಿನಲ್ಲಿ ಚೇರನ್ ನಿಗಮಗಳು ಹುಟ್ಟಿದವು. ಇಲ್ಲಿ ಬೆಂಗಳೂರಿನ ನಗರ ಬಸ್ಸುಗಳು 1956ರಲ್ಲೇ ಸರಕಾರದ ಕೈ ಸೇರಿದ್ದವು, 1961ರ ಆಗಸ್ಟ್ 1ರಂದು ರಾಜ್ಯ ರಸ್ತೆ ಸಾರಿಗೆ ನಿಗಮವೇ ಸ್ಥಾಪನೆಯಾಯಿತು. 1976ರಲ್ಲಿ ಒಪ್ಪಂದ ಸಾರಿಗೆ ವಾಹನಗಳನ್ನು, ಅಂದರೆ ಇಡಿಯಾಗಿ ಬಾಡಿಗೆಗೆ ಓಡುವ ಗಾಡಿಗಳನ್ನು, ಸ್ವಾಧೀನಪಡಿಸಿಕೊಳ್ಳುವ ಕಾನೂನು ಬಂತು, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷಗಳಲ್ಲಿ ದೊಡ್ಡಪ್ಪ ಪ್ರತಿ ಬೆಳಿಗ್ಗೆ ರೇಡಿಯೊ ಹಾಕುವ ಮುಂಚೆ ದೇವರಿಗೆ ಕೈ ಮುಗಿಯುತ್ತಿದ್ದರಂತೆ. ನಮ್ಮ ಬಸ್ಸುಗಳು ಹಂತ ಹಂತಕ್ಕೆ ಜನ ಹತ್ತಿಳಿಯುವ ಸ್ಟೇಜ್ ಕ್ಯಾರೇಜ್‌ಗಳು, ಆ ಕಾನೂನಿನ ಬಾಯಿಗೆ ಬೀಳಲಿಲ್ಲ.

ರಾಷ್ಟ್ರೀಕರಣದ ಕತೆಯಲ್ಲಿ ನನಗೆ ಇಷ್ಟವಾದ ಒಂದು ಪ್ರಸಂಗವಿದೆ. ಮಾರ್ಗಗಳನ್ನು ನಿಗಮಕ್ಕೆ ವಹಿಸುವ ಯೋಜನೆ ಮಾಡಲು ಮೋಟಾರು ವಾಹನ ಕಾಯಿದೆಯ 1956ರ ತಿದ್ದುಪಡಿ ಸರಕಾರಗಳಿಗೆ ಅಧಿಕಾರ ಕೊಟ್ಟಿತು; ಮೊದಲು ಬಸ್ಸಿನವರ ಆಕ್ಷೇಪಣೆ ಕೇಳಬೇಕು ಎಂಬ ಷರತ್ತೂ ಇತ್ತು. ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ ಆಕ್ಷೇಪಣೆ ಕೇಳಿದವರು ಇಲಾಖೆಯ ಕಾರ್ಯದರ್ಶಿ, ತೀರ್ಮಾನ ಕೊಟ್ಟವರು ಮುಖ್ಯಮಂತ್ರಿ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸುವುದು ವಿಚಾರಣೆಯೇ ಅಲ್ಲವೆಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನಾನು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತದೆ ನೇರವಾಗಿ ತಮಗೆ ಬರೆಯುತ್ತಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿಯವರು ತಾಳ್ಮೆಯಿಂದಲೇ ಕೇಳುತ್ತಾರೆ. ತೀರ್ಮಾನಿಸುವವರು ಅವರಲ್ಲ.

ಇನ್ನು ನಮ್ಮ ತಪ್ಪುಗಳು. 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಪರ್ಮಿಟ್ ಸಿಗುವುದು ಸುಲಭವಾಯಿತು. ಅದಕ್ಕೆ ಮುಂಚೆ ಹೊಸಬರು ಅರ್ಜಿ ಹಾಕಿದರೆ ಹಳಬರು ವಕೀಲರನ್ನು ಹಿಡಿದು ತಡೆಯುತ್ತಿದ್ದರು. ನಮ್ಮ ಅಪ್ಪನೂ ತಡೆದಿದ್ದಾರೆ, ಕಡತ ಮನೆಯಲ್ಲಿದೆ. ಬಾಗಿಲು ತೆರೆದ ಮೇಲೆ ಎಲ್ಲರೂ ಕಾಸು ಹುಟ್ಟುವ ದಾರಿಗೇ ನುಗ್ಗಿದರು. ಹೆದ್ದಾರಿಯಲ್ಲಿ ಎರಡೆರಡು ನಿಮಿಷಕ್ಕೊಂದು ಟೈಮಿಂಗ್. ಮುಂದಿನ ಬಸ್ಸನ್ನು ಹಿಂದೆ ಹಾಕಿದರೆ ಸ್ಟಾಪಿನಲ್ಲಿ ನಿಂತ ಜನ ನಮಗೆ, ಇಲ್ಲವಾದರೆ ಅವರಿಗೆ. ಕಂಡಕ್ಟರನ ವಿಸಿಲ್, ಡ್ರೈವರನ ಹಾರ್ನ್, ಅಜ್ಜಿಯೊಬ್ಬಳು ಇಳಿಯುವಷ್ಟರಲ್ಲಿ ಹೊರಟ ಬಸ್ಸು. ಈ ಅವಸರದಲ್ಲಿ ಜೀವ ಹೋದದ್ದಿದೆ. ಅದನ್ನು ಪೈಪೋಟಿಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಭಾನುವಾರದ ಟ್ರಿಪ್ಪನ್ನು ಹೇಳದೆ ಕೇಳದೆ ಕತ್ತರಿಸುವುದು, ರಾತ್ರಿಯ ಕೊನೆಯ ಬಸ್ಸನ್ನು ಜನ ಕಡಿಮೆ ಎಂದು ಅರ್ಧದಾರಿಯಿಂದಲೇ ತಿರುಗಿಸುವುದು, ಇವೂ ನಡೆದಿವೆ. ತಾವು ನಮ್ಮನ್ನು ನಂಬದಿದ್ದರೆ ಅದಕ್ಕೆ ಆಧಾರವಿದೆ.

ಆದರೆ ಖಾಸಗಿ ಬಸ್ಸು ನಿಲ್ಲುವುದು ಮಾಲೀಕನ ದುರಾಸೆಯಿಂದ ಮಾತ್ರ ಎನ್ನುವವರು ಒಮ್ಮೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೆ ಹೋಗಿ ಬರಬೇಕು. ಅಲ್ಲಿ ಶಂಕರ್ ಕಂಪನಿ ಬಾಗಿಲು ಹಾಕಿದಾಗ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು 1991ರಲ್ಲಿ ಬಸ್ಸು ಹೊರಡಿಸಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರು. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಗೆ ಹಬ್ಬಿತು, ಬೇರೆ ಕಡೆಯವರು ನೋಡಿ ಕಲಿಯಲು ಬರುವಷ್ಟು ಹೆಸರಾಯಿತು. 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ಅದೂ ನಿಂತಿತು. ಅಲ್ಲಿ ಮಾಲೀಕನ ಲಾಭ ಎಂಬ ಬಾಬತ್ತೇ ಇರಲಿಲ್ಲ. ಕೊರೊನಾ ಬರಲು ಇನ್ನೂ ಒಂದು ತಿಂಗಳಿತ್ತು.

ಕೊರೊನಾದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಸ್ಸುಗಳನ್ನು ಇಲಾಖೆಗೆ ಸರೆಂಡರ್ ಮಾಡಿ ಶೆಡ್ಡಿನಲ್ಲಿ ನಿಲ್ಲಿಸಿದೆವು, ಹನ್ನೊಂದರಲ್ಲಿ ಏಳು ಮರಳಿ ರಸ್ತೆಗಿಳಿದವು. ಈಗ ನಾಲ್ಕು.

ಲೆಕ್ಕ ಬರೆಯುವವಳಾಗಿ ಹೇಳುತ್ತೇನೆ. ಡೀಸೆಲ್ ಬೆಲೆ 2017ರ ಜೂನ್ 16ರಿಂದ ದಿನದಿನಕ್ಕೆ ನಿಗದಿಯಾಗುತ್ತದೆ. ನಮ್ಮ ಟಿಕೆಟ್ ದರ ತಮ್ಮ ಅಧಿಸೂಚನೆಗೆ ಕಾಯುತ್ತದೆ. ತೆರಿಗೆ ಸೀಟಿಗೆ ಇಷ್ಟೆಂದು ಮೂರು ತಿಂಗಳಿಗೊಮ್ಮೆ. ಸೀಟಿನಲ್ಲಿ ಜನ ಕೂತರೋ ಇಲ್ಲವೋ ಅದು ಕೇಳುವುದಿಲ್ಲ. ಇವೆಲ್ಲ ಹಳೆಯ ಗೋಳು, ಮೂವತ್ತು ವರ್ಷಗಳ ಮನವಿಪತ್ರಗಳಲ್ಲಿ ಇದ್ದದ್ದೇ. ಹೊಸದಾದದ್ದು ಒಂದೇ. ಘಟ್ಟದ ಬುಡದ ಹೆಂಗಸರು ಈಗ ಮೂರು ಕಿಲೋಮೀಟರ್ ನಡೆದು ಹೆದ್ದಾರಿಗೆ ಬರುತ್ತಾರೆ, ಅಲ್ಲಿ ಸರಕಾರಿ ಬಸ್ಸು ಹತ್ತುತ್ತಾರೆ. ದಿನಗೂಲಿಯ ಅವರು ಹಾಗೆ ಮಾಡುವುದು ಸರಿಯೇ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಹಳ್ಳಿಯ ಬಸ್ಸಿನಲ್ಲಿ ಉಳಿದವರು ನಡೆಯಲಾಗದವರು: ಮುದುಕಿಯರು, ಬಸುರಿಯರು, ಕಂಕುಳಲ್ಲಿ ಮಗು ಇರುವವರು. ಅವರೇ ದುಡ್ಡು ಕೊಡುತ್ತಿದ್ದಾರೆ. ನಡೆಯುವ ಶಕ್ತಿ ಇದ್ದವರಿಗೆ ಶಕ್ತಿ ಯೋಜನೆ, ಇಲ್ಲದವರಿಗೆ ಟಿಕೆಟ್. ಯೋಜನೆ ಮಾಡಿದವರ ಮನಸ್ಸಿನಲ್ಲಿ ಇದು ಇರಲಿಲ್ಲವೆಂದು ನಾನು ನಂಬಿದ್ದೇನೆ.

ಆದ್ದರಿಂದ ಎರಡರಲ್ಲಿ ಒಂದನ್ನು ಮಾಡಬೇಕೆಂದು ಕೇಳುತ್ತೇನೆ. ಆ ಹಳ್ಳಿಗೆ ನಿಗಮದ ಬಸ್ಸನ್ನೇ ಹಾಕಿ. ಬೆಳಿಗ್ಗೆ ಒಂದು, ಸಂಜೆ ಒಂದು, ಮಳೆಗಾಲದಲ್ಲೂ ತಪ್ಪದೆ. ಹಾಕಿದ ದಿನ ನಾನೇ ನಮ್ಮ ಪರ್ಮಿಟ್ ತಂದು ಒಪ್ಪಿಸುತ್ತೇನೆ, ಇದು ಸಿಟ್ಟಿನ ಮಾತಲ್ಲ. ಅದಾಗದಿದ್ದರೆ, ಸರಕಾರಿ ಬಸ್ಸು ಇಲ್ಲದ ಮಾರ್ಗಗಳಲ್ಲಿ ಖಾಸಗಿ ಬಸ್ಸಿಗೂ ಶೂನ್ಯ ಟಿಕೆಟ್ ಕೊಡುವ ಅವಕಾಶ ಕೊಟ್ಟು, ನಿಗಮಗಳಿಗೆ ಭರಿಸುವಂತೆ ನಮಗೂ ಭರಿಸಿ.

ಸುಳ್ಳು ಟಿಕೆಟ್ ಹರಿದು ಬಿಲ್ಲು ಮಾಡುತ್ತಾರೆ ಎಂಬ ಶಂಕೆ ತಮ್ಮ ಅಧಿಕಾರಿಗಳಿಗೆ ಬರುತ್ತದೆ. ಬರಲೇಬೇಕು. ಹಾಗಿದ್ದರೆ ಟಿಕೆಟಿನ ಲೆಕ್ಕವೇ ಬೇಡ, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಕೊಡಿ. ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಬಿಎಂಟಿಸಿ ಹೆಸರಿನಲ್ಲಿ ಓಡುವ ವಿದ್ಯುತ್ ಬಸ್ಸುಗಳನ್ನು ಖಾಸಗಿ ಕಂಪನಿಗಳೇ ತಂದು ಓಡಿಸುತ್ತಿವೆ. ಚಾಲಕ ಅವರವನು, ನಿರ್ವಾಹಕ ನಿಗಮದವನು, ಹಣ ಕಿಲೋಮೀಟರ್ ಲೆಕ್ಕದಲ್ಲಿ. ಸಾಮಾನ್ಯ ಸೇವೆಯ ಆ ಬಸ್ಸುಗಳಲ್ಲಿ ಶಕ್ತಿ ಟಿಕೆಟ್ ನಡೆಯುತ್ತದೆ. ದೊಡ್ಡ ಕಂಪನಿಯ ಖಾಸಗಿತನ ತಮಗೆ ಅಡ್ಡಿಯಾಗದಿದ್ದರೆ ನಮ್ಮ ನಾಲ್ಕು ಬಸ್ಸುಗಳ ಖಾಸಗಿತನ ಏಕೆ ಅಡ್ಡಿಯಾಗಬೇಕು? ಬಸ್ಸು ಎಲ್ಲಿದೆ ಎಂದು ತೋರಿಸುವ ಸಾಧನ ಕೂರಿಸಲು ಹೇಳಿ, ಕೂರಿಸುತ್ತೇವೆ. ಟ್ರಿಪ್ ತಪ್ಪಿಸಿದರೆ ಹಣ ಕತ್ತರಿಸಿ. ಭಾನುವಾರದ ಟ್ರಿಪ್ಪೂ ಆಗ ತಾನೇ ತಾನಾಗಿ ಓಡುತ್ತದೆ ನೋಡಿ.

ಇನ್ನೊಂದು ಚಿಕ್ಕ ಬೇಡಿಕೆ, ಇದಕ್ಕೆ ಖರ್ಚೇ ಇಲ್ಲ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಹಳೆಯ ಪರ್ಮಿಟ್ ಕಡತಗಳನ್ನು ರದ್ದಿಗೆ ಹಾಕಬೇಡಿ. ಯಾವ ಊರಿಗೆ ಯಾವ ವರ್ಷ ಎಷ್ಟು ಗಂಟೆಗೆ ಬಸ್ಸು ಹೋಯಿತು, ಯಾರು ಬೇಕೆಂದರು, ಯಾರು ಬೇಡವೆಂದರು ಎಂಬುದೆಲ್ಲ ಅದರಲ್ಲಿದೆ. ರಾಜ್ಯ ಪತ್ರಾಗಾರಕ್ಕೆ ಕಳಿಸಿಬಿಡಿ. ನಮ್ಮ ಅಪ್ಪ ಹೊಸಬರನ್ನು ತಡೆದ ಕಡತವನ್ನೂ ಸೇರಿಸಿ ಕೊಡುತ್ತೇನೆ.

ಅಪ್ಪ ತೀರಿಕೊಂಡಾಗ ಕಾನೂನು ಏನು ಹೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಪರ್ಮಿಟ್ ಹೊಂದಿದವರು ಸತ್ತರೆ ವಾರಸುದಾರರು ಮೂವತ್ತು ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಳಿಸಿದರೆ ಮೂರು ತಿಂಗಳು ಅದೇ ಪರ್ಮಿಟ್‌ನಲ್ಲಿ ಓಡಿಸಬಹುದು. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದ ಮರುದಿನ ಅಪ್ಪನ ಮುನೀಮರು ನನ್ನೆದುರು ಬಿಳಿ ಹಾಳೆ ಇಟ್ಟು, "ಅಮ್ಮಾ, ಇದನ್ನು ಬರೆಯದಿದ್ದರೆ ಬಸ್ಸು ನಿಲ್ಲುತ್ತದೆ" ಎಂದರು. ಬರೆದೆ. ಅಲ್ಲಿಂದ ಈ ಕುರ್ಚಿ ನನ್ನದಾಯಿತು.

ನವೀಕರಣಕ್ಕೂ ಕಾನೂನಿನಲ್ಲಿ ಗಡುವಿದೆ: ಐದು ವರ್ಷಗಳ ಅವಧಿ ಮುಗಿಯುವುದಕ್ಕೆ ಹದಿನೈದು ದಿನ ಮೊದಲೇ ಅರ್ಜಿ ಸೇರಬೇಕು. ನನ್ನ ಲೆಕ್ಕದ ಪ್ರಕಾರ ಇನ್ನು ಇಪ್ಪತ್ತಮೂರು ದಿನಗಳು ಉಳಿದಿವೆ. ನಾಲ್ಕನೆಯ ಅರ್ಜಿಯ ಮೇಲೆ ಪೇಪರ್‌ವೇಟ್ ಇಟ್ಟಿದ್ದೇನೆ. ಇಂದು ಬೆಳಿಗ್ಗೆ ಆ ಬಸ್ಸಿನಲ್ಲಿ ಹದಿನಾಲ್ಕು ಜನ ಬಂದರು, ಒಂಬತ್ತು ಮಂದಿ ಹೆಂಗಸರು.

ತಮ್ಮ ವಿಶ್ವಾಸಿ,
ಕರಾವಳಿಯ ಒಂದು ಬಸ್ ಕಂಪನಿಯ ಲೆಕ್ಕದವಳು